ಗೂಡಿನಾಟ ಕಲಿಸಿದ ಟೀಚರ್

ಎಣಿಸುವುದೂ ಒಂದು ಕಾಯಿಲೆ ಎನ್ನುವುದಾದರೆ, ಆ ಶಿಶುವಿಹಾರದ ಟೀಚರಿಗೆ ಅದು ಅಂಟಿಕೊಂಡು ಮೂವತ್ತೊಂದು ವರ್ಷವಾಗಿತ್ತು. ಮಕ್ಕಳು ಬಾಗಿಲು ದಾಟುವಾಗ ಎಣಿಸುತ್ತಿದ್ದರು, ಕೈ ತೊಳೆಸುವಾಗ ಎಣಿಸುತ್ತಿದ್ದರು, ಮಲಗಿಸಿ ಎಣಿಸಿ, ಎಬ್ಬಿಸಿ ಮತ್ತೆ ಎಣಿಸುತ್ತಿದ್ದರು. ಬಸ್ಸು ಹತ್ತಿದರೆ ಅಲ್ಲಿನ ತಲೆಗಳನ್ನೂ ಬಿಡುತ್ತಿರಲಿಲ್ಲ. ಗಂಡ ಬಸ್ ಡ್ರೈವರ್. "ನಿನ್ನನ್ನ ನಮ್ಮ ಬಸ್ಸಿಗೆ ಕಂಡಕ್ಟರ್ ಮಾಡಿದ್ರೆ ಟಿಕೆಟ್ ಇಲ್ದೆ ಒಂದು ನೊಣಾನೂ ಹತ್ತಲ್ಲ" ಎಂದು ರೇಗಿಸುತ್ತಿದ್ದರು. ಬೀದಿಯವರ ಬಾಯಲ್ಲಿ ಅವರಿಗೆ ಎಣಿಕೆ ಟೀಚರ್ ಎಂದೇ ಹೆಸರು.

ಈ ಕೆಲಸ ಶುರುವಾದದ್ದು ಹತ್ತು ದಿನದ ಮಾತಾಗಿ. ಅಲ್ಲಿ ಟೀಚರಾಗಿದ್ದವರು ಅವರ ಅಕ್ಕ. ಅಕ್ಕ ಕಾಲು ಮುರಿದುಕೊಂಡು ಮಲಗಿದಾಗ, "ಹತ್ತು ದಿನ ನೋಡ್ಕೊಳ್ಳೇ, ಮಹಾ ಏನಿಲ್ಲ, ಮೂಗು ಒರೆಸೋದು, ಅಳು ನಿಲ್ಸೋದು" ಎಂದು ತಂಗಿಯನ್ನು ಕಳಿಸಿದರು. ಮಹಾ ಏನಿಲ್ಲವಂತೆ! ಮೊದಲ ದಿನ ಹದಿನಾರು ಮಕ್ಕಳು ಒಟ್ಟಿಗೆ ಅತ್ತವು, ಹದಿನೇಳನೆಯವರಾಗಿ ಟೀಚರೂ ಅತ್ತರು. ಟೀಚರ್ ಅಳುವುದನ್ನು ನೋಡಿ ಮಕ್ಕಳು ಗಾಬರಿಯಾಗಿ ಸುಮ್ಮನಾದವು. ಅಕ್ಕನ ಕಾಲು ಸರಿಹೋಯಿತು, ಬೇರೊಂದು ಆಫೀಸಿನಲ್ಲಿ ಕುರ್ಚಿಯೂ ಸಿಕ್ಕಿತು. ತಂಗಿ ಮಾತ್ರ ಆ ಪುಟ್ಟ ಮೇಜುಗಳ ನಡುವೆಯೇ ಉಳಿದುಬಿಟ್ಟರು.

ಉಳಿದವರು ತೆಪ್ಪಗಿರಬಹುದಿತ್ತು. ಮಧ್ಯಾಹ್ನಕ್ಕೆ ಬಾಗಿಲು ಹಾಕಿ, ಮನೆಗೆ ಹೋಗಿ ಕಾಲು ಚಾಚಬಹುದಿತ್ತು. ಅದು ಅವರ ಜಾಯಮಾನವಲ್ಲ. ಬಡಾವಣೆಯ ಸ್ವಯಂಸೇವಕರ ಗುಂಪು ಕಟ್ಟಿದವರೇ ಅವರು. ಪ್ರಥಮ ಚಿಕಿತ್ಸೆ ಕಲಿತು ಕಲಿಸಿದರು. ಬುಧವಾರ ಹನ್ನೊಂದರಿಂದ ಹನ್ನೆರಡರವರೆಗೆ ಶಿಶುವಿಹಾರವನ್ನು ಆಯಾಳ ಕೈಗೆ ಕೊಟ್ಟು, ಹಾಸಿಗೆ ಹಿಡಿದ ನಾಲ್ಕು ಮಂದಿಯ ಮನೆಗೆ ಔಷಧಿ ಒಯ್ಯುತ್ತಿದ್ದರು. ಅಲ್ಲಿ ಬೈಗುಳ ತಿನ್ನುತ್ತಿದ್ದರು ಕೂಡ, ಏಕೆಂದರೆ ಹಾಸಿಗೆ ಹಿಡಿದವರಿಗೆ ಬೈಯಲು ಬೇರೆ ಯಾರೂ ಸಿಗುತ್ತಿರಲಿಲ್ಲ. "ಊರ ಉಸಾಬರಿಯೆಲ್ಲ ನಿನಗೇ ಯಾಕೆ?" ಎಂದು ಗಂಡ ಕೇಳಿದರೆ, "ನಿಮ್ಮ ಉಸಾಬರಿ ಒಂದೇ ಸಾಕಾಗಲ್ವಲ್ಲ" ಎನ್ನುತ್ತಿದ್ದರು.

ಇಷ್ಟು ಜಾಗರೂಕ ಹೆಂಗಸು ಮಾಡಿದ ತಪ್ಪು ಎಂಥದ್ದು ಗೊತ್ತೇ? ಜಾಗರೂಕರಷ್ಟೇ ಮಾಡಬಲ್ಲ ತಪ್ಪು.

ಆರು ವರ್ಷದ ಹಿಂದೆ ಒಂದು ಹುಚ್ಚುನಾಯಿ ಅಂಗಳಕ್ಕೆ ನುಗ್ಗಿತ್ತು. ಮಕ್ಕಳು ಕಿರುಚುತ್ತಾ ದಿಕ್ಕಾಪಾಲಾಗಿ ಓಡಿದವು, ಒಂದು ಮಗುವಿಗೆ ನಾಯಿ ಕಚ್ಚಿತು. ಆ ರಾತ್ರಿಯೆಲ್ಲ ಟೀಚರಿಗೆ ನಿದ್ದೆ ಹತ್ತಲಿಲ್ಲ. ಮಾರನೆಯ ವಾರವೇ ಒಂದು ಆಟ ಹುಟ್ಟಿತು. ಗಂಟೆ ಬಾರಿಸಿದರೆ ಎಲ್ಲರೂ ಮರಿಗಳು. ಒಳಗೋಡಿ ಗೂಡು ಸೇರಬೇಕು, ಅಂದರೆ ಮೇಜಿನ ಕೆಳಗೋ, ಚೀಲಗಳ ಹಿಂದೆಯೋ ಅಡಗಬೇಕು, ತುಟಿಪಿಟಕ್ಕೆನ್ನಬಾರದು. ಟೀಚರ್ ಬಂದು "ಮರಿಗಳೇ, ಅಮ್ಮ ಬಂದೆ" ಎಂದಾಗ ಮಾತ್ರ ಹೊರಗೆ ಬರಬೇಕು. ಬೇರೆ ಯಾರು ಕರೆದರೂ, ಹೆಸರು ಹಿಡಿದು ಕರೆದರೂ, ಅದು ನರಿ. ಕೊನೆಯವರೆಗೂ ಅಲ್ಲಾಡದೆ ಇದ್ದವರಿಗೆ ಗೆಲುವು. ತಪಾಸಣೆಗೆ ಬಂದ ಅಧಿಕಾರಿಯೊಬ್ಬರು ಈ ಆಟ ನೋಡಿ ತಲೆದೂಗಿದ್ದರು. ಟೀಚರ್ ಒಂದು ವಾರ ನೆಲದ ಮೇಲೆ ನಡೆದಿರಲಿಲ್ಲ.

ಆ ಆಟದಲ್ಲಿ ಚುಕ್ಕಿಯನ್ನು ಮೀರಿಸುವವರಿರಲಿಲ್ಲ. ಚುಕ್ಕಿ ಎಂದರೆ ಎದುರು ಬೀದಿಯ ಟೈಲರಮ್ಮನ ಮಗಳು, ನಾಲ್ಕು ವರ್ಷದವಳು, ಗಲ್ಲದ ಮೇಲೊಂದು ಮಚ್ಚೆ. ಮಾತು ಕಡಿಮೆ, ಹಟ ಜಾಸ್ತಿ. ಓಟದಲ್ಲಿ ಹಿಂದೆ, ಹಾಡಿನಲ್ಲಿ ಇನ್ನೂ ಹಿಂದೆ, ಗೂಡಿನಾಟದಲ್ಲಿ ಮಾತ್ರ ಅವಳೇ ಮೊದಲು.

ಆ ಬುಧವಾರ ಟೀಚರ್ ಎರಡು ಬೀದಿಯಾಚೆ, ಪಾರ್ಶ್ವವಾಯು ಬಡಿದ ಮೇಷ್ಟ್ರೊಬ್ಬರಿಗೆ ಮಾತ್ರೆ ನುಂಗಿಸುತ್ತಿದ್ದರು. ಫೋನು ಬಡಿದುಕೊಂಡಿತು. ಆಯಾ.

"ಟೀಚರ್, ಹಿಂದಿನ ಐಸ್ ಫ್ಯಾಕ್ಟರೀಲಿ ಗ್ಯಾಸ್ ಪೈಪ್ ಒಡೆದಿದೆ. ಕಣ್ಣು ಬಿಡಕ್ಕಾಗ್ತಿಲ್ಲ. ಎಲ್ಲರನ್ನೂ ರಸ್ತೆಗೆ ತಂದೆ..."

"ಎಣಿಸಿದ್ಯಾ?"

ಟೀಚರ್ ಆಗಲೇ ಬಾಗಿಲ ಕಡೆ ಹೊರಟಿದ್ದರು.

"ಹದಿನೆಂಟೇ ಇದಾರೆ ಟೀಚರ್. ಚುಕ್ಕಿ ಸಿಗ್ತಿಲ್ಲ."

ಐವತ್ತಮೂರು ವರ್ಷದ ಮಂಡಿಗಳು ಅಷ್ಟು ಓಡಿದ್ದು ಯಾವತ್ತೋ. ಬೀದಿಯ ತಿರುವಿನಲ್ಲೇ ಅಮೋನಿಯಾದ ಘಾಟು ಮೂಗಿಗೆ ಮುಳ್ಳು ಚುಚ್ಚಿದಂತೆ ಹೊಡೆಯಿತು. ಅಗ್ನಿಶಾಮಕ ದಳದ ಲಾರಿ ಬಂದು ನಿಂತಿತ್ತು, ಹಗ್ಗ ಕಟ್ಟಿ ಜನರನ್ನು ಹಿಂದಕ್ಕೆ ತಳ್ಳುತ್ತಿದ್ದರು. ಎದುರಿನ ಅಂಗಡಿಯ ಜಗುಲಿಯ ಮೇಲೆ ಮಕ್ಕಳು ಕಣ್ಣುಜ್ಜಿಕೊಂಡು ಅಳುತ್ತಿದ್ದವು. ಟೀಚರ್ ಓಡುತ್ತಲೇ ಎಣಿಸಿದರು. ಹದಿನೆಂಟು.

"ಹೇಗೆ ತಪ್ಪಿಸಿಕೊಂಡ್ಲು?" ಎಂದರು.

ಆಯಾ ಸೆರಗಿನಿಂದ ಕಣ್ಣೊತ್ತಿಕೊಂಡಳು. "ಅಂಗಳದಲ್ಲಿ ಆಡ್ತಿದ್ರು ಟೀಚರ್. ಘಾಟು ಬಂದಾಗ ಕೈಕಾಲು ಆಡ್ಲಿಲ್ಲ. ಎಲ್ಲರೂ ಒಂದು ಕಡೆ ಸೇರ್ಲಿ ಅಂತ... ಗಂಟೆ ಬಾರಿಸ್ಬಿಟ್ಟೆ."

ಗಂಟೆ. ಮಕ್ಕಳು ಒಟ್ಟಿಗೆ ಸೇರಲಿಲ್ಲ, ಒಳಗೆ ಓಡಿ ಅಡಗಿಕೊಂಡವು. ಆಯಾ ಪಾಪ, ಮೇಜಿನ ಕೆಳಗಿಂದ, ಚೀಲಗಳ ಹಿಂದಿಂದ ಒಬ್ಬೊಬ್ಬರನ್ನೇ ಕೈಹಿಡಿದು ಎಳೆದು ತಂದಿದ್ದಳು. ಎಳೆಯಲು ಸಿಕ್ಕವರು ಬಂದರು. ಗೆಲ್ಲಬೇಕೆಂದು ಕುಳಿತವಳು ಸಿಗಲಿಲ್ಲ.

ಮುಖಕ್ಕೆ ಮಾಸ್ಕ್ ಹಾಕಿದ್ದ ಇಬ್ಬರು ಶಿಶುವಿಹಾರದಿಂದ ಹೊರಬಂದು ತಲೆಯಾಡಿಸಿದರು. ದಳದ ಅಧಿಕಾರಿ ಟೀಚರ್ ಬಳಿ ಬಂದ. "ಎರಡೂ ರೂಮು ನೋಡಾಯ್ತಮ್ಮ, ಹೆಸರು ಕೂಗಾಯ್ತು. ಒಳಗಿದ್ರೆ ಉತ್ತರ ಕೊಡ್ತಿರ್ಲಿಲ್ವಾ? ಹೆದರಿ ಬೀದಿ ಕಡೆ ಓಡಿರ್ಬೇಕು. ಹುಡುಗರನ್ನ ಆ ಕಡೆ ಕಳಿಸ್ತೀನಿ."

ಅಷ್ಟರಲ್ಲಿ ಟೈಲರಮ್ಮ ಬಂದಳು. ಕೊರಳಲ್ಲಿ ಅಳತೆಯ ಟೇಪು ಹಾಗೇ ನೇತಾಡುತ್ತಿತ್ತು. "ಎಲ್ಲಿ ನನ್ ಮಗು?" ಎಂದಳು. ಜೋರಾಗಿ ಕೇಳಲಿಲ್ಲ, ಅದೇ ಭಯವಾಗುವಂತಿತ್ತು.

ಬೀದಿ ಕಡೆ ಓಡಿರಬೇಕು ಎಂಬ ಮಾತನ್ನು ಟೀಚರ್ ಒಪ್ಪಿಕೊಂಡಿದ್ದರೆ ಆ ಕ್ಷಣಕ್ಕೆ ಅವರ ಮಾನ ಉಳಿಯುತ್ತಿತ್ತು. ಹಾಗೆ ಒಂದು ಗಳಿಗೆ ಅನ್ನಿಸಿತು ಕೂಡ. ಅನ್ನಿಸಲಿಲ್ಲ ಎಂದರೆ ಸುಳ್ಳಾಗುತ್ತದೆ.

"ಒಳಗೇ ಇದಾಳೆ. ಯಾರು ಕರೆದ್ರೂ ಮಾತಾಡಲ್ಲ. ಹೊರಗೂ ಬರಲ್ಲ," ಎಂದರು.

"ಯಾಕೆ?" ಅಧಿಕಾರಿ ಹುಬ್ಬು ಗಂಟಿಕ್ಕಿದ.

"ನಾನೇ ಹಾಗೆ ಹೇಳಿಕೊಟ್ಟಿದೀನಿ."

ಟೈಲರಮ್ಮ ಟೀಚರ ಮುಖವನ್ನೇ ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು.

ಅಧಿಕಾರಿ ಲಾರಿಯಿಂದ ಕೈಮೈಕು ತಂದುಕೊಟ್ಟ. ಟೀಚರ್ ಅದನ್ನು ಬಾಯಿಗೆ ಹಿಡಿದು ಕೂಗಿದರು. "ಮರಿಗಳೇ, ಅಮ್ಮ ಬಂದೆ! ಚುಕ್ಕಿ, ಅಮ್ಮ ಬಂದೆ!" ಬೀದಿಯೆಲ್ಲ ಮಾರ್ದನಿಸಿತು. ತಗಡು ಕೆರೆದಂಥ ಧ್ವನಿ. ಬಾಗಿಲಲ್ಲಿ ಯಾರೂ ಕಾಣಲಿಲ್ಲ. ಜಗುಲಿಯ ಮೇಲಿದ್ದ ಒಂದು ಪುಟಾಣಿ ಪಕ್ಕದವಳಿಗೆ ಪಿಸುಗುಟ್ಟಿತು, "ಅದು ನರಿ."

ಟೀಚರ್ ಮೈಕನ್ನು ಅಧಿಕಾರಿಯ ಕೈಗೆ ತುರುಕಿದರು. "ಇದ್ರಲ್ಲಿ ಕರೆದ್ರೆ ಆಗಲ್ಲ. ನಾನು ಒಳಗೆ ಹೋಗ್ಬೇಕು."

"ಆಗಲ್ಲಮ್ಮ. ಮಾಸ್ಕ್ ಇಲ್ದೆ ಎರಡು ನಿಮಿಷ ನಿಲ್ಲಕ್ಕಾಗಲ್ಲ ಅಲ್ಲಿ."

"ಮಾಸ್ಕ್ ಕೊಡಿ ಹಾಗಾದ್ರೆ."

"ಮಾಸ್ಕ್ ಹಾಕ್ಕೊಂಡು ಹೇಗೆ ಕರೀತೀರಿ?"

"ಅದು ನನಗೆ ಬಿಡಿ. ನೀವು ಮಾತಾಡ್ತಾ ಇದ್ದಷ್ಟು ಹೊತ್ತೂ ಆ ಮಗು ಅದೇ ಗಾಳಿ ಕುಡೀತಿದೆ!"

ಮೂವತ್ತೊಂದು ವರ್ಷದಲ್ಲಿ ಅವರು ಯಾರ ಮೇಲೂ ಅಷ್ಟು ಜೋರಾಗಿ ಕೂಗಿರಲಿಲ್ಲ. ಅಧಿಕಾರಿ ತಾನೇ ಅವರ ಮುಖಕ್ಕೆ ಮಾಸ್ಕ್ ಕಟ್ಟಿದ, ಸೊಂಟಕ್ಕೆ ಹಗ್ಗ ಬಿಗಿದ, ಹಿಂದೆಯೇ ಬಂದ.

ಒಳಗೆ ಎಲ್ಲವೂ ಎಂದಿನಂತೆಯೇ ಇತ್ತು. ಪುಟ್ಟ ಕುರ್ಚಿಗಳು, ಅರ್ಧ ಬಣ್ಣ ತುಂಬಿದ ಹಾಳೆಗಳು, ಮುಚ್ಚಳ ತೆಗೆದ ನೀರಿನ ಬಾಟಲಿ. ಒಂದನೇ ಕೋಣೆಯ ನಡುವೆ ನಿಂತು, ಉಸಿರು ಬಿಗಿಹಿಡಿದು, ಮಾಸ್ಕನ್ನು ಮೇಲೆತ್ತಿದರು. "ಮರಿಗಳೇ, ಅಮ್ಮ ಬಂದೆ." ಮಾಸ್ಕ್ ಇಳಿಸಿದರು. ಉತ್ತರವಿಲ್ಲ. ಕಣ್ಣಲ್ಲಿ ಧಾರಾಕಾರ ನೀರು. ಎರಡನೇ ಕೋಣೆ. ಮತ್ತೆ ಎತ್ತಿದರು. ಈ ಸಲ ಕರೆಯುವ ಮೊದಲೇ ಗಾಳಿ ಗಂಟಲಿಗಿಳಿಯಿತು, ಕೆಂಡ ನುಂಗಿದಂತಾಯಿತು. ಆದರೂ ಕರೆದರು. ನೋವನ್ನು ತೋರಗೊಡದೆ, ದಿನವೂ ಕರೆಯುವ ಹಾಗೇ, ನಗುನಗುತ್ತಾ ಕರೆಯಬೇಕಿತ್ತು, ಇಲ್ಲದಿದ್ದರೆ ಅವಳು ನಂಬುತ್ತಿರಲಿಲ್ಲ. "ಮರಿಗಳೇ... ಅಮ್ಮ ಬಂದೆ."

ಗೋಡೆಯ ಕಪಾಟಿನ ಕೆಳಗಿನ ಅರೆಯ ಬಾಗಿಲು ತೆರೆದುಕೊಂಡಿತು, ಒಳಗೆ ಸುತ್ತಿಟ್ಟ ಚಾಪೆಗಳು ಅಲುಗಾಡಿದವು. ದಳದವರು ಆ ಬಾಗಿಲು ತೆಗೆದು ಚಾಪೆ ಕಂಡು ಮುಚ್ಚಿ ಹೋಗಿದ್ದರು. ಮುಚ್ಚಿದ ಬಾಗಿಲೇ ಅವಳನ್ನು ಅಷ್ಟು ಹೊತ್ತು ಘಾಟಿನಿಂದ ಕಾಪಾಡಿತ್ತು. ಫ್ರಾಕನ್ನು ಮೂಗಿಗೆ ಒತ್ತಿಕೊಂಡು, ಕೆಂಪಗೆ ಊದಿದ ಕಣ್ಣು ಮುಚ್ಚಿಕೊಂಡು ಚುಕ್ಕಿ ತೆವಳಿ ಬಂದಳು. ಟೀಚರ್ ತಮ್ಮ ಮಾಸ್ಕನ್ನು ಕಿತ್ತು ಅವಳ ಮುಖಕ್ಕೆ ಒತ್ತಿದರು. ಅಧಿಕಾರಿ ಇಬ್ಬರನ್ನೂ ಹೊರಗೆ ಎಳೆದುಕೊಂಡು ಹೋದ.

ರಸ್ತೆಯ ಮೇಲೆ ಕೂರಿಸಿ ಚುಕ್ಕಿಯ ಕಣ್ಣಿಗೆ ನೀರು ಹಾಕಿದರು, ಆಮ್ಲಜನಕ ಕೊಟ್ಟರು. ಕೆಮ್ಮಿದಳು, ವಾಂತಿ ಮಾಡಿಕೊಂಡಳು, ಉಸಿರು ಸರಾಗವಾಯಿತು. ಆಂಬುಲೆನ್ಸಿನವನು "ಕಂದ ಗಟ್ಟಿ ಇದೆ, ಏನಾಗಲ್ಲಮ್ಮ, ಆದ್ರೂ ಆಸ್ಪತ್ರೇಲಿ ತೋರಿಸೋಣ" ಎಂದಾಗ ಟೈಲರಮ್ಮ ಮಗಳನ್ನು ಅವಚಿಕೊಂಡು ಗೊಳೋ ಎಂದು ಅತ್ತಳು. ಚುಕ್ಕಿ ಅಳಲಿಲ್ಲ. ಅಮ್ಮನ ಹೆಗಲ ಮೇಲಿಂದ ಟೀಚರನ್ನು ಹುಡುಕಿದಳು.

"ಟೀಚರ್, ನಾನು ಅಲ್ಲಾಡ್ಲೇ ಇಲ್ಲ. ನಾನೇ ಗೆದ್ದೆ ಅಲ್ವಾ?"

ಹೂಂ ಎಂದರೆ ಮುಗಿಯುತ್ತಿತ್ತು. ಗಂಟಲು ಸುಟ್ಟುಹೋಗಿದ್ದ ಟೀಚರಿಗೆ ತಲೆಯಾಡಿಸಿದ್ದರೂ ಸಾಕಿತ್ತು. ಆ ಊದಿದ ಕಣ್ಣುಗಳನ್ನು ನೋಡಿ ಹೂಂ ಎನ್ನದಿರಲು ಕಲ್ಲಿನ ಎದೆ ಬೇಕು, ಅವರದು ಬೆಣ್ಣೆಯಂಥದ್ದು. ಆದರೆ ಹೂಂ ಎಂದರೆ ಈ ಮಗು ಮತ್ತೆ ಅಡಗುತ್ತದೆ. ಇನ್ನೊಂದು ದಿನ, ಇನ್ನೊಂದು ಕಪಾಟಿನಲ್ಲಿ, ಇದಕ್ಕಿಂತ ಹೆಚ್ಚು ಹೊತ್ತು.

ಟೀಚರ್ ಮಂಡಿಯೂರಿ ಅವಳ ಮುಖದ ಹತ್ತಿರ ಬಂದರು. ಧ್ವನಿ ಹೊರಡಲಿಲ್ಲ, ಬರೀ ಗಾಳಿ ಹೊರಟಿತು.

"ಇಲ್ಲ ಪುಟ್ಟಾ. ಗೆದ್ದಿಲ್ಲ. ಆಯಾ ಕೈಹಿಡಿದು ಎಳೆದಾಗ ಬಂದ್ರಲ್ಲ, ಅವರೆಲ್ಲ ಗೆದ್ರು. ನಾನು ತಪ್ಪಾಟ ಹೇಳಿಕೊಟ್ಟೆ."

ಚುಕ್ಕಿಯ ತುಟಿ ನಡುಗಿತು. ಗ್ಯಾಸಿಗೆ ಅಳದವಳು, ಕತ್ತಲೆಗೆ ಅಳದವಳು, ಆಗ ಬಿಕ್ಕಿ ಬಿಕ್ಕಿ ಅಳತೊಡಗಿದಳು. "ನಾನು ಅಲ್ಲಾಡ್ಲೇ ಇಲ್ಲ ಟೀಚರ್... ಅಲ್ಲಾಡ್ಲೇ ಇಲ್ಲ..."

"ಈಗ ಹೇಳ್ಬೇಕಿತ್ತಾ ಇದನ್ನ?" ಟೈಲರಮ್ಮ ಸಿಡಿದಳು. "ಸತ್ತು ಬದುಕಿ ಬಂದಿದೆ ಮಗು!"

"ಈಗ್ಲೇ ಹೇಳ್ಬೇಕು," ಎಂದರು ಟೀಚರ್.

ಆಂಬುಲೆನ್ಸಿನ ಬಾಗಿಲು ಹಾಕುವವರೆಗೂ ಚುಕ್ಕಿ ಟೀಚರ ಕಡೆ ತಿರುಗಿ ನೋಡಲಿಲ್ಲ. ಟೀಚರ್ ಎದ್ದು, ಸೆರಗಿನಿಂದ ಮುಖ ಒರೆಸಿಕೊಂಡು, ಜಗುಲಿಯ ಮೇಲಿದ್ದ ಮಕ್ಕಳ ಹತ್ತಿರ ಹೋಗಿ ಕುಳಿತರು.