ಕಲ್ಲು ನೆಕ್ಕುತ್ತಿದ್ದ ಮಹಡಿಯವರು

ತೊಂಬತ್ತರ ದಶಕದಲ್ಲಿ ನಂಜನಗೂಡಿನ ನಮ್ಮ ಮಹಡಿಗೆ ಬಾಡಿಗೆಗೆ ಬಂದ ಭೂವಿಜ್ಞಾನಿಯೊಬ್ಬರು ಕಲ್ಲು ನೆಕ್ಕುತ್ತಿದ್ದರು. ಒದ್ದೆಯಾದರೆ ಕಲ್ಲಿನ ಬಣ್ಣ ಎದ್ದು ಕಾಣುತ್ತದಂತೆ. ಹತ್ತಿರದ ಹೆಡತಲೆ ಊರಿನಲ್ಲಿ ಯಾರದೋ ಹೊಲದ ಬದುವಿನ ಕಲ್ಲಿಗೂ ನಾಲಿಗೆ ಚಾಚಲು ಹೋಗಿ, "ಬ್ಯಾಡಿ ಸಾ, ಈಗ್ತಾನೆ ನಾಯಿ ಕಾಲೆತ್ಕಂಡ್ ಓಯ್ತು" ಅನ್ನಿಸಿಕೊಂಡು ಬಂದಿದ್ದರು.

ಬೆಟ್ಟಗಳು ಹೇಗೆ ಸವೆಯುತ್ತವೆ ಅನ್ನುವುದು ಅವರ ಸಂಶೋಧನೆ. ಹಾಗಾಗಿ ಆತುರ ಅನ್ನುವುದೇ ಅವರಿಗೆ ಗೊತ್ತಿರಲಿಲ್ಲ. ನರಸೀಪುರದ ಬಸ್ಸು ತಪ್ಪಿದರೂ, ಚಪ್ಪಲಿಯ ಅಟ್ಟೆ ತೂತಾಗಿದೆ ಎಂದು ಅಮ್ಮ ತೋರಿಸಿದರೂ, "ಸವೀಲಿ ಬಿಡ್ರೀ, ಅರ್ಜೆಂಟೇನು?" ಎನ್ನುತ್ತಿದ್ದರು.

ವರ್ಷಗಟ್ಟಲೆ ಅಲೆದು ಕೂಡಿಸಿದ್ದ ಅಪರೂಪದ, ವಜ್ರವೊಂದು ಬಿಟ್ಟರೆ ಎಲ್ಲಕ್ಕಿಂತ ಗಟ್ಟಿಯಾದ ಕೆಂಪು ಕುರುಂದದ ಕಲ್ಲುಗಳನ್ನು ಮೂಟೆ ಕಟ್ಟಿ ಮೆಟ್ಟಿಲ ಕೆಳಗಿಟ್ಟಿದ್ದರು. ಅವರು ಊರಲ್ಲಿಲ್ಲದಾಗ ಅಪ್ಪ, ಎರಡೂ ಮನೆಗೆ ಸೇರಿದ ಬಚ್ಚಲಿಗೆ ಹೊಸ ನೆಲ ಹಾಕಿಸಿದರು. ಗಾರೆಯವನು ಜಲ್ಲಿ ಅಂದುಕೊಂಡು ಆ ಮೂಟೆಯನ್ನೇ ಸುರಿದು, ಮೇಲೆ ಸಿಮೆಂಟು ಎಳೆದುಬಿಟ್ಟ. "ಒಡ್ಯಾಕೋದ್ರೆ ಸುತ್ಗೆ ಕಾವೇ ಮುರ್ದೋಯ್ತು ಸಾ, ಅಂಥಾ ಗಟ್ಟಿ ಮಾಲು" ಎಂದು ಹೊಗಳಿದ್ದು ಬೇರೆ.

ವಾಪಸ್ ಬಂದ ಮಹಡಿಯವರು ಬಚ್ಚಲಲ್ಲಿ ಮಂಡಿಯೂರಿ ನೆಲವನ್ನು ತಟ್ಟಿ ನೋಡಿದರು. ಅಗೆದರೆ ಗೋಡೆಯೇ ಕುಸಿಯುತ್ತದೆ ಎಂದು ಅಪ್ಪ ತಲೆ ಕೆರೆದುಕೊಂಡರು.

"ಸವೀಲಿ ಬಿಡ್ರೀ" ಅಂದರು ಮಹಡಿಯವರು. "ಅರ್ಜೆಂಟೇನು?" ಮಾತ್ರ ಈ ಸಲ ಸೇರಿಸಲಿಲ್ಲ.

ಮಾರನೆಯ ದಿನದಿಂದ ಅವರ ಸ್ನಾನ ಮೂರು ಹೊತ್ತಾಯಿತು. ಒಳಗಿಂದ ಕೇಳುತ್ತಿದ್ದದ್ದು ಮೈಮೇಲೆ ನೀರು ಬೀಳುವ ಸದ್ದಲ್ಲ; ತಂಬಿಗೆಯನ್ನು ಎತ್ತರಕ್ಕೆ ಹಿಡಿದು, ನೆಲದ ಒಂದೇ ಜಾಗಕ್ಕೆ ಸುರಿಯುತ್ತಲೇ ಇರುವ ಸದ್ದು.