ಆ ಎಣ್ಣೆ ಕಲೆ ಸ್ಕೂಟರಿನದಲ್ಲ

ನಮ್ಮ ಆರ್.ಟಿ. ನಗರದ ಮನೆಯ ಗೇಟಿನೊಳಗೆ, ಕಾಂಕ್ರೀಟಿನ ಮೇಲೆ ಎಣ್ಣೆ ಚೆಲ್ಲಿದ್ದು ನಾನು. ಗಫಾರ್ ಸಾಹೇಬರಲ್ಲ. ಅವರ ಸ್ಕೂಟರಿನಿಂದ ಒಂದು ತೊಟ್ಟೂ ಸೋರಿರಲಿಲ್ಲ. ಹತ್ತು ವರ್ಷದ ಹಿಂದೆ, ಆ ಕಲೆಯ ಪಕ್ಕದಲ್ಲೇ ನಿಂತು ನಾನಿದನ್ನು ಒಂದು ಮಾತಿನಲ್ಲಿ ಹೇಳಬಹುದಿತ್ತು. ಹೇಳಲಿಲ್ಲ. ಹಾಗಂದರೂ ಪೂರ್ತಿ ನಿಜವಾಗುವುದಿಲ್ಲ — ನಾನು ಬಾಯಿ ಬಿಟ್ಟೆ, ಸುಳ್ಳು ಹೇಳಿದೆ.

ಮದುವೆಯಾಗಿ ಆ ಮನೆಗೆ ಬಂದಾಗ ನನಗೆ ಇಪ್ಪತ್ತಮೂರು. ಬಿ.ಎಸ್ಸಿ. ಮುಗಿಸಿದ್ದೆ. ನನ್ನ ಗಂಡನಿಗೆ ಕಾರ್ಖಾನೆಯಲ್ಲಿ ಪಾಳಿ ಕೆಲಸ. ಅತ್ತೆ ಆಗಲೇ ತೀರಿಕೊಂಡಿದ್ದರು. ಮಾವ ನಿವೃತ್ತ ಓವರ್‌ಸಿಯರ್. ಸುತ್ತಮುತ್ತ ಖಾಲಿ ಸೈಟು, ಮಣ್ಣು ರಸ್ತೆ ಇದ್ದ ಕಾಲದಲ್ಲಿ ಅವರು ಗೇಟಿನಿಂದ ಪೋರ್ಟಿಕೋವರೆಗೆ ತಮ್ಮ ಫಿಯೆಟ್ ಕಾರಿಗಾಗಿ ಕಾಂಕ್ರೀಟ್ ಹಾಕಿಸಿದ್ದರು. ಮೂರು ವಾರ ಒದ್ದೆ ಗೋಣಿತಾಟು ಹೊದಿಸಿ, ಆಳಿಗೆ ಬಿಡದೆ ತಾವೇ ನೀರು ಹೊಡೆದಿದ್ದರಂತೆ. ಅದರ ಮೇಲೆ ಏನು ಬಿದ್ದರೂ ಅವರಿಗೆ ತಡೆದುಕೊಳ್ಳಲಾಗುತ್ತಿರಲಿಲ್ಲ. ಹೂಕುಂಡದ ಕಬ್ಬಿಣದ ಸ್ಟ್ಯಾಂಡು ತುಕ್ಕಿನ ಉಂಗುರ ಬಿಟ್ಟರೆ ನಿಂಬೆಹೋಳಿಗೆ ಉಪ್ಪು ಅದ್ದಿ ಉಜ್ಜುವರು. ಪಾಚಿ ಕಟ್ಟಿದರೆ ನಾರಿನ ಬ್ರಷ್ಷು. ಒಮ್ಮೆ ನನ್ನ ಕೈಯಿಂದ ಕಾಫಿ ಚೆಲ್ಲಿತು — ಬಕೆಟ್ಟು ತಂದು ನನ್ನ ಮುಂದಿಟ್ಟು ಒಳಗೆ ಹೋದರು. ಕೆಟ್ಟವರಲ್ಲ. ಅವರಿಗೆ ನಾನು ಹೆದರುತ್ತಿದ್ದೆ, ಅಷ್ಟೆ.

ಹಿಂದಿನ ಔಟ್‌ಹೌಸಿನಲ್ಲಿ ಗಫಾರ್ ಸಾಹೇಬರ ಸಂಸಾರ ಬಾಡಿಗೆಗಿತ್ತು. ಬಸ್ ಡ್ರೈವರಾಗಿ ನಿವೃತ್ತರಾದವರು. ಹೆಂಡತಿ ಜುಬೇದಾ. ತಡವಾಗಿ ಹುಟ್ಟಿದ ಒಬ್ಬಳೇ ಮಗಳು ಶಬಾನಾ, ಆಗ ಹತ್ತನೇ ಕ್ಲಾಸು. ಹುಡುಗಿ ಚುರುಕು, ಆದರೆ ಲೆಕ್ಕ ಅಂದರೆ ಅಳು. ನನಗೋ, ಕಾರು ಕಲಿಯುವ ಹುಚ್ಚು. ಒಂದು ದಿನ ಮಾವನ ಹತ್ತಿರ ಕೇಳಿಯೂ ನೋಡಿದ್ದೆ. "ಮನೇಲಿರೋ ಹೆಣ್ಮಕ್ಕಳಿಗೆ ಸ್ಟೇರಿಂಗ್ ಯಾಕಮ್ಮ?" ಅಂದಿದ್ದರು. ನನ್ನ ಗಂಡ ನಕ್ಕಿದ್ದ.

ಇದನ್ನು ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಜುಬೇದಾ ಅವರಿಗೆ ಹೇಳಿದೆ. ಅವರು ಕೈಯಲ್ಲಿದ್ದ ಸೋಪು ಕೆಳಗಿಟ್ಟು ಹೇಳಿದರು: "ಅರೆ, ಅದಕ್ಯಾಕೆ ಬೇಜಾರ್ ಮಾಡ್ಕೋತೀರಾ? ನೀವು ನಮ್ಮ ಶಬ್ಬುಗೆ ಲೆಕ್ಕ ಹೇಳ್ಕೊಡಿ. ಇವರು ನಿಮಗೆ ಗಾಡಿ ಹೇಳ್ಕೊಡ್ತಾರೆ. ನಾನು ಹಿಂದೆ ಕೂತಿರ್ತೀನಿ, ಯಾರೂ ಏನೂ ಅನ್ನಂಗಿಲ್ಲ."

ಸಾಹೇಬರು ಒಪ್ಪಲಿಲ್ಲ. "ಯಜಮಾನರಿಗೆ ಹೇಳ್ದೆ ಮಾಡೋದು ಸರಿಯಲ್ಲಮ್ಮ" ಅಂದರು. ನಾನೇ ಬಿಡಲಿಲ್ಲ. ಇದನ್ನೂ ಬರೆದಿಡಬೇಕು — ಬಲವಂತ ಮಾಡಿದವಳು ನಾನು.

ಆ ಸೆಪ್ಟೆಂಬರಿನಲ್ಲಿ ಮಾವ ಎರಡು ವಾರಕ್ಕೆ ಮೈಸೂರಿಗೆ, ತಂಗಿಯ ಮನೆಗೆ ಹೋದರು. ಕಾರಿನ ಕೀಲಿ ಮೊಳೆಯಲ್ಲಿ ನೇತಾಡುತ್ತಿತ್ತು. ಗಂಡ ಬೆಳಗಿನ ಪಾಳಿಗೆ ಹೋದಮೇಲೆ ನಾವು ಮೂವರೂ ಬಡಾವಣೆಯ ಅಂಚಿನಲ್ಲಿ ಇನ್ನೂ ಉಳಿದಿದ್ದ ಖಾಲಿ ಸೈಟುಗಳ ನಡುವಿನ ಮಣ್ಣು ರಸ್ತೆಗೆ ಹೋಗುತ್ತಿದ್ದೆವು. ಸಾಹೇಬರು ಎಂದೂ ಗದರಲಿಲ್ಲ. "ಕ್ಲಚ್ಚು ಮೊಟ್ಟೆ ಇದ್ದಂಗೆ, ಮೆಲ್ಲಗೆ ಬಿಡಿ" ಅನ್ನುವರು. ಹಿಂದೆ ಕೂತ ಜುಬೇದಾ ಪ್ರತಿ ಹಳ್ಳಕ್ಕೂ "ಯಾ ಅಲ್ಲಾ" ಅನ್ನುವರು, ಆಮೇಲೆ ನಗುವರು. ಸಂಜೆ ಶಬಾನಾ ಪುಸ್ತಕ ಹಿಡಿದು ಬರುವಳು. ಒಂದೇ ವಾರದಲ್ಲಿ ಬೀಜಗಣಿತದ ಅಳು ನಿಂತಿತ್ತು. ಅಷ್ಟು ಹಗುರವಾಗಿ ನಾನು ಆ ಮನೆಯಲ್ಲಿ ಎಂದೂ ಇರಲಿಲ್ಲ.

ಒಂಬತ್ತನೇ ದಿನ ವಾಪಸು ಬರುವಾಗ ಗೇಟಿನೊಳಗೆ ನಾನೇ ತರುತ್ತೇನೆ ಅಂತ ಹಟ ಹಿಡಿದೆ. ಗೇಟಿನ ಎರಡು ಬಾಗಿಲು ಸೇರುವ ಕಡೆ ನೆಲದಲ್ಲಿ ಒಂದು ಮೋಟು ಕಲ್ಲಿತ್ತು. ಬ್ರೇಕಿನ ಬದಲು ಆಕ್ಸಿಲರೇಟರ್ ಒತ್ತಿದೆ. ಕಾರು ನೆಗೆಯಿತು, ಅಡಿಯಲ್ಲಿ ಕಟ್ ಅಂತ ಸದ್ದಾಯಿತು. ಇಳಿದು ನೋಡುವಷ್ಟರಲ್ಲಿ ಇಂಜಿನ್ ಆಯಿಲ್ ಕಪ್ಪಗೆ, ನಿಧಾನವಾಗಿ, ಬಿಳಿ ಕಾಂಕ್ರೀಟಿನ ಮೇಲೆ ಹರಡುತ್ತಿತ್ತು.

ಸಾಹೇಬರು ಅಂಗಿ ಬಿಚ್ಚಿಟ್ಟು ಕಾರಿನ ಕೆಳಗೆ ನುಗ್ಗಿದರು. ಇಂಜಿನ್ನಿನ ಅಡಿಯಲ್ಲಿ ಆಯಿಲ್ ಬಿಡುವ ಬೋಲ್ಟ್ ಕಲ್ಲಿಗೆ ತಗಲಿ ಏಟು ತಿಂದಿತ್ತು. ಮಧ್ಯಾಹ್ನದೊಳಗೆ ಹೊಸದು ತಂದು ಹಾಕಿ, ಆಯಿಲ್ ತುಂಬಿ, ಕಾರನ್ನು ಅದರ ಜಾಗದಲ್ಲಿ ನಿಲ್ಲಿಸಿದರು. ಕಾರು ಮೊದಲಿನಂತಾಯಿತು. ನೆಲ ಆಗಲಿಲ್ಲ.

"ಗಾಬರಿ ಬೇಡಮ್ಮ" ಅಂದರು. "ಮೊದಲು ಮರದ ಹೊಟ್ಟು ಹಾಕಿ, ಎಣ್ಣೆ ಕುಡೀಲಿ. ಒರೆಸ್ಬೇಡಿ, ಒರೆಸಿದ್ರೆ ಹರಡುತ್ತೆ. ನಾಳೆ ಗುಡಿಸಿ, ವಾಷಿಂಗ್ ಸೋಡಾ ಬಿಸಿನೀರಲ್ಲಿ ಗಟ್ಟಿಯಾಗಿ ಕಲಸಿ ಮೆತ್ತೋಣ. ಒಣಗಿದ ಮೇಲೆ ಉಜ್ಜೋದು. ನಾಕೈದು ಸಲ ಮಾಡ್ಬೇಕು. ಸೀಮೆಎಣ್ಣೆ ಮಾತ್ರ ಹಾಕ್ಬೇಡಿ."

ನಾಲ್ಕೈದು ಸಲ — ನನಗೆ ಆ ತಾಳ್ಮೆ ಎಲ್ಲಿತ್ತು? ಹೊಟ್ಟು ಎಣ್ಣೆಯನ್ನು ಕುಡಿಯಿತು, ಆದರೆ ತಟ್ಟೆಯಗಲದ ಕಪ್ಪು ಉಳಿಯಿತು. ಗಂಡ ಕೇಳಿದಾಗ ಏನೋ ಚೆಲ್ಲಿದೆ, ತೊಳೆಯುತ್ತೇನೆ ಅಂದೆ. ಸೋಡಾ ಮೆತ್ತಿದಾಗ ಕಪ್ಪು ಬೂದು ಬಣ್ಣವಾಯಿತು. ಅದನ್ನೇ ಮಾಡುತ್ತಾ ಹೋಗಿದ್ದರೆ ನಾಲ್ಕು ದಿನದಲ್ಲಿ ಹೋಗುತ್ತಿತ್ತೋ ಏನೋ. ಮರುದಿನ ಸಾಹೇಬರು ಇಲ್ಲದಾಗ ಸೀಮೆಎಣ್ಣೆ ಸುರಿದು ಉಜ್ಜಿದೆ. ಕಲೆ ಕರಗಿ ಇನ್ನಷ್ಟು ಅಗಲವಾಗಿ ಕೆಳಗಿಳಿಯಿತು. ಕಕ್ಕಸಿಗೆ ಹಾಕುವ ಆಸಿಡ್ ತಂದು ಸುರಿದೆ. ಬುಸುಬುಸು ನೊರೆ ಬಂತು, ಕಣ್ಣು ಉರಿಯಿತು. ಆಸಿಡ್ ಎಣ್ಣೆಯನ್ನು ಮುಟ್ಟಲೂ ಇಲ್ಲ — ಸಿಮೆಂಟನ್ನು ತಿಂದು ಒಳಗಿನ ಮರಳನ್ನು ಮೇಲೆ ತಂದಿತು. ನಡುವೆ ಕಪ್ಪು, ಸುತ್ತ ಹಳದಿ, ಅಂಚಿನಲ್ಲಿ ತರಿತರಿ ಬಿಳಿ.

ಅದೇ ಸಂಜೆ, ಹೇಳಿದ್ದಕ್ಕಿಂತ ಮೂರು ದಿನ ಮೊದಲೇ, ಮಾವ ಬಂದರು.

ಪೆಟ್ಟಿಗೆ ಕೆಳಗಿಟ್ಟು ಕುಕ್ಕರುಗಾಲಲ್ಲಿ ಕೂತರು. ಬೆರಳಿಂದ ಒತ್ತಿ, ಮೂಸಿದರು. "ಇಂಜಿನ್ ಆಯಿಲ್" ಅಂದರು. ತಲೆ ಎತ್ತಿದಾಗ ಅವರ ಕಣ್ಣಿಗೆ ಬಿದ್ದದ್ದು ಎರಡು ಮಾರು ದೂರದಲ್ಲಿ ನಿಂತಿದ್ದ ಸಾಹೇಬರ ಹಳೆಯ ಸ್ಕೂಟರು.

ಸದ್ದು ಕೇಳಿ ಸಾಹೇಬರು ಹೊರಗೆ ಬಂದರು. ಔಟ್‌ಹೌಸಿನ ಬಾಗಿಲ ಪರದೆಯ ಹಿಂದೆ ಜುಬೇದಾ, ಅವರ ಪಕ್ಕ ಶಬಾನಾ.

"ನಿಮ್ಮ ಸ್ಕೂಟರಾ ಇದು ಮಾಡಿದ್ದು?" ಮಾವ ಕೇಳಿದರು.

ಸಾಹೇಬರು ನನ್ನ ಕಡೆ ನೋಡಿದರು. ಆ ನೋಟದಲ್ಲಿ ಬೇಡಿಕೆ ಇರಲಿಲ್ಲ, ಬೆದರಿಕೆಯೂ ಇರಲಿಲ್ಲ. ನನಗೆ ಸಮಯ ಕೊಟ್ಟರು — ಅದು ನನಗೆ ಆಗಲೇ ಅರ್ಥವಾಗಿತ್ತು. ಹೇಳಿದರೆ ಕೀಲಿ ಕದ್ದದ್ದು, ಪರ ಗಂಡಸಿನ ಪಕ್ಕ ಕೂತು ಸುತ್ತಿದ್ದು, ಎಲ್ಲ ಹೊರಬೀಳುತ್ತದೆ... ಬೀದಿ ಏನನ್ನುತ್ತದೆ, ಗಂಡ ಏನನ್ನುತ್ತಾನೆ... ಇಷ್ಟೆಲ್ಲ ಎಷ್ಟು ಬೇಗ ಲೆಕ್ಕ ಹಾಕಿದೆ ನಾನು!

ಮಾವ ನನ್ನತ್ತ ತಿರುಗಿದರು. "ನೀನು ಮನೇಲೇ ಇದ್ಯಲ್ಲಮ್ಮ. ಸ್ಕೂಟರ್ ಇಲ್ಲಿ ನಿಲ್ಲಿಸ್ತಿದ್ರಾ?"

"ಹೂಂ ಮಾವ. ದಿನಾ ಇಲ್ಲೇ ನಿಲ್ಲಿಸ್ತಿದ್ರು."

ಸಾಹೇಬರು ನೆಲ ನೋಡಿದರು. "ತಪ್ಪಾಯ್ತು ಸಾರ್. ನಾನೇ ತೆಗೆದು ಕೊಡ್ತೀನಿ" ಅಂದರು. ನನ್ನ ಮಾನ ಉಳಿಸಲು ಅವರು ತಮ್ಮದಲ್ಲದ ತಪ್ಪನ್ನು ಒಪ್ಪಿಕೊಂಡರು, ನಾನು ಸೆರಗು ಹಿಡಿದು ನಿಂತಿದ್ದೆ.

"ಆಸಿಡ್ ಬೇರೆ ಸುರಿದು ಮುಚ್ಚಿಡೋಕೆ ನೋಡಿದೀರಾ. ಅದು ನನಗೆ ಆಗಲ್ಲ. ಈ ತಿಂಗಳು ಮುಗಿಯೋದ್ರೊಳಗೆ ಮನೆ ಖಾಲಿ ಮಾಡಿ" ಅಂದರು ಮಾವ.

ಆಮೇಲಿನ ಹನ್ನೊಂದು ದಿನ — ಅದಕ್ಕೆ ಏನು ಹೇಳಲಿ? ಭಯದಲ್ಲಿ ಬಾಯಿತಪ್ಪಿ ಬಂದ ಮಾತು ಅನ್ನಲು ಒಂದು ಗಳಿಗೆ ಸಾಕು. ನನಗೆ ಹನ್ನೊಂದು ದಿನವಿತ್ತು. ಪ್ರತಿದಿನ ಬೆಳಿಗ್ಗೆ ಸಾಹೇಬರು ಮಂಡಿಯೂರಿ ಕೂತು ಕಲೆಯ ಮೇಲೆ ಸೋಡಾ ಮೆತ್ತುತ್ತಿದ್ದರು. ಹೊರಗಿನಿಂದ ಒಳಕ್ಕೆ, ಒಳಕ್ಕೆ, ಉಜ್ಜುತ್ತಿದ್ದರು. ನಾನು ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದೆ. ಒಂದು ಲೋಟ ನೀರು ಕೊಡಲೂ ಹೊರಗೆ ಹೋಗಲಿಲ್ಲ. ಆರನೇ ದಿನಕ್ಕೆ ಕಪ್ಪು ಹೋಯಿತು. ಆಸಿಡ್ ತಿಂದ ಗುಳಿಗೆ ಅವರು ಸಿಮೆಂಟ್ ಹಾಲು ಬಳಿದು ಸಮ ಮಾಡಿದರು. ಮಾವ ಬಂದು ನೋಡಿ, ತಲೆಯಾಡಿಸಿ ಹೋದರು. ಆಡಿದ ಮಾತನ್ನು ಮಾತ್ರ ಹಿಂದೆ ತೆಗೆದುಕೊಳ್ಳಲಿಲ್ಲ.

ಶಬಾನಾ ಲೆಕ್ಕಕ್ಕೆ ಬರುವುದನ್ನು ನಿಲ್ಲಿಸಿದಳು. ಹೊರಡುವ ಹಿಂದಿನ ದಿನ, ನಾನು ಕೊಟ್ಟಿದ್ದ ಗೈಡನ್ನು ವಾಪಸು ತಂದಳು. "ಅಕ್ಕಾ, ಅಬ್ಬಾ ಸುಮ್ನಿರು ಅಂದಿದಾರೆ. ಅದಕ್ಕೇ ಸುಮ್ನಿದೀನಿ" ಅಂದಳು. ಹದಿನೈದು ವರ್ಷದ ಹುಡುಗಿ. ನಾನು ಪುಸ್ತಕ ಇಸಕೊಂಡೆ.

ಅವರು ಮಾಕಳಿಗೆ ಹೋದರು, ಜುಬೇದಾ ಅವರ ಅಣ್ಣನ ಮನೆಗೆ.

ಇನ್ನೊಂದು ಮಾತು ಹೇಳಬೇಕು, ಅದನ್ನು ಬರೆಯಲು ಕೈ ಬರುತ್ತಿಲ್ಲ. ಮೂರು ವರ್ಷ ಕಳೆಯುವಷ್ಟರಲ್ಲಿ ಮಾವನಿಗೆ ಕಣ್ಣು ಮಂಜಾಯಿತು. ಒಂದು ಬೆಳಿಗ್ಗೆ ಅವರೇ ಕೀಲಿ ತಂದು ನನ್ನ ಕೈಗೆ ಕೊಟ್ಟರು: "ನೀನೇ ಕಲಿತುಕೋಮ್ಮ. ಆವತ್ತು ಬೇಡ ಅಂದಿದ್ದು ನನ್ನ ದಡ್ಡತನ." ಅಷ್ಟೇ. ನಾನು ಜೀವ ಹೋದಂತೆ ಹೆದರಿದ್ದು ಇಷ್ಟಕ್ಕೆ. ಡ್ರೈವಿಂಗ್ ಶಾಲೆಯವರು "ಮೊದಲೇ ಎಲ್ಲೋ ಕಲ್ತಿದೀರಲ್ವಾ ಮೇಡಂ?" ಅಂದಾಗ, ಇಲ್ಲ ಅಂದೆ. ಎರಡನೇ ಸಲ ಸಾಹೇಬರನ್ನು ಅಲ್ಲಗಳೆದೆ. ಬೀದಿಯವರ ಮುಂದೆ ಮಾವ "ನಮ್ಮ ಸೊಸೆ ಕಾರು ಓಡಿಸ್ತಾಳೆ" ಅಂತ ಹೆಮ್ಮೆಪಡುವಾಗ ನಾನು ನಗುತ್ತಿದ್ದೆ.

ಮಾಕಳಿ ಎಷ್ಟು ದೂರ? ತುಮಕೂರು ರಸ್ತೆ ಹಿಡಿದರೆ ಮುಕ್ಕಾಲು ಗಂಟೆ. ಮಸೀದಿಯ ಹತ್ತಿರ ಕೇಳಿದರೆ ಸಿಗದ ಮನೆಯಲ್ಲ. ಯಶವಂತಪುರ ದಾಟಿ ಎಷ್ಟು ಸಲ ಗಾಡಿ ತಿರುಗಿಸಿಕೊಂಡು ಬಂದಿದ್ದೇನೆ... ಕೊನೆಗೆ ಹೋದದ್ದು ಹೋದ ತಿಂಗಳು.

ಬಾಗಿಲು ತೆಗೆದದ್ದು ಶಬಾನಾ. ನಡುಮನೆಯಲ್ಲಿ ಹೊಲಿಗೆ ಮಿಷನ್ನು, ಸುತ್ತ ರವಿಕೆ ಬಟ್ಟೆಯ ಗಂಟುಗಳು. ಆ ವರ್ಷ ನಡುವೆ ಶಾಲೆ ಬದಲಾಯಿಸಲು ಆಗದೆ ಪರೀಕ್ಷೆ ತಪ್ಪಿತಂತೆ. ಆಮೇಲೆ ಕೂರಲೇ ಇಲ್ಲವಂತೆ. ಸಾಹೇಬರು ತೀರಿಕೊಂಡು ಎರಡು ವರ್ಷ. ಜುಬೇದಾ ಚಾಪೆಯ ಮೇಲೆ ಕೂತಿದ್ದರು. ನಾನು ನಿಂತೇ ಎಲ್ಲ ಹೇಳಿದೆ. ಒಂದನ್ನೂ ಬಿಡಲಿಲ್ಲ.

ಅವರು ಕೊನೆಯವರೆಗೂ ಕೇಳಿದರು. ಆಮೇಲೆ ಹೇಳಿದರು: "ನಾನು ಹಿಂದಿನ ಸೀಟಲ್ಲೇ ಇದ್ನಲ್ಲಮ್ಮ. ನಮಗೆ ಗೊತ್ತಿರೋದನ್ನ ನಮಗೇ ಹೇಳೋಕೆ ಇಷ್ಟು ದೂರ ಬಂದ್ರಾ? ಗೊತ್ತಿಲ್ಲದೋರಿಗೆ ಹೇಳಿದ್ರಾ?"

ಹೇಳಿರಲಿಲ್ಲ.

ಶಬಾನಾ ಮಿಷನ್ನಿನ ಮುಂದೆ ಕೂತು ಹೊಲಿಗೆ ಮುಂದುವರಿಸಿದಳು. ನಾನು ಹೊರಟು ಬಂದೆ.

ಮನೆಗೆ ಬಂದವಳೇ ಮಾವನ ಕುರ್ಚಿಯ ಹತ್ತಿರ ನೆಲದ ಮೇಲೆ ಕೂತು ಹೇಳಿದೆ. ಗಂಡನೂ ಅಲ್ಲೇ ಇದ್ದ. ಅವನು ಎದ್ದು ಹೊರಗೆ ಹೋದ. ನನ್ನೊಂದಿಗೆ ಈಗಲೂ ಸರಿಯಾಗಿ ಮಾತಾಡುತ್ತಿಲ್ಲ. ಮಾವ ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಕೈ ಕೈ ಹಿಸುಕಿಕೊಳ್ಳುತ್ತಾ ಕೇಳಿದರು:

"ಗಫಾರ್ ಸಾಹೇಬರು ಇದಾರಾ?"

"ಇಲ್ಲ ಮಾವ. ಹೋಗಿ ಎರಡು ವರ್ಷ ಆಯ್ತಂತೆ."

"ಎರಡು ವರ್ಷದ ಹಿಂದೆ ಹೇಳಿದ್ದಿದ್ರೆ... ನಾನು ಹೋಗಿ ಅವರ ಕೈ ಹಿಡ್ಕೋತಿದ್ನಲ್ಲಮ್ಮ" ಅಂದರು.

ಹೀಗೊಂದು ಇದೆ ಅಂತ ನನಗೆ ಹೊಳೆದೇ ಇರಲಿಲ್ಲ. ಒಬ್ಬರಿಗೆ ಅನ್ಯಾಯ ಮಾಡಿದೆ ಅಂತ ಇಷ್ಟು ವರ್ಷ ಸಂಕಟಪಟ್ಟವಳು, ಅದನ್ನು ಸರಿಮಾಡುವ ದಾರಿಯನ್ನೇ ಇನ್ನೊಬ್ಬರಿಗೆ ಇಲ್ಲದಂತೆ ಮಾಡಿದ್ದೆ.

ಬರುವ ಭಾನುವಾರ ಮಾವನನ್ನು ಮಾಕಳಿಗೆ ಕರೆದುಕೊಂಡು ಹೋಗುತ್ತಿದ್ದೇನೆ. ಬನ್ನಿ ಅಂತ ಜುಬೇದಾ ಕರೆದಿಲ್ಲ. ಬಾಗಿಲು ತೆಗೆಯಲೇಬೇಕು ಅಂತೇನೂ ಇಲ್ಲ.