ಅಪ್ಪನಿಗೆ ಓದಿ ಹೇಳದ ಕಾಗದ

ಅಪ್ಪಾ, ನಿನ್ನ ಸಾಹೇಬರು ಸತ್ತಿರಲಿಲ್ಲ. ಅವರ ಕಾಗದ ಬಂದಿತ್ತು — ನಾನೇ ಮುಚ್ಚಿಟ್ಟೆ.

ನೀನು ಹೋಗಿ ಎಷ್ಟೋ ವರ್ಷವಾದ ಮೇಲೆ ಹೇಳುತ್ತಿದ್ದೇನೆ, ನನ್ನ ಧೈರ್ಯವೇ ಅಷ್ಟು. ಶಿಕಾರಿಪುರದ ಪೇಟೆಯಲ್ಲಿ ಅಂಗಡಿ ಹಾಕುವ ಮೊದಲು ನೀನು ದಂಡಿನಲ್ಲಿ ದರ್ಜಿ. ಆ ಇಂಗ್ಲಿಷ್ ಸಾಹೇಬರು ಕ್ಯಾಪ್ಟನ್ ಆಗಿದ್ದವರು ಮೇಜರಾದರು, ಕರ್ನಲ್ ಆದರು, ಕೊನೆಗೆ ಬ್ರಿಗೇಡಿಯರ್ — ಪ್ರತಿ ಬಡ್ತಿಗೂ ಅವರ ಹೆಗಲಪಟ್ಟಿಗೆ ಕಿರೀಟ, ನಕ್ಷತ್ರ ಕೂರಿಸಿದವನು ನೀನೇ. "ನನ್ನ ಸೂಜಿ ಇಲ್ದೆ ಅವ್ರು ಒಂದ್ ಮೆಟ್ಲೂ ಹತ್ತಲಿಲ್ಲವ್ವ" ಎಂದು ನಗುತ್ತಿದ್ದೆ ನೀನು. ಬರ್ಮಾದಲ್ಲಿ ಗುಂಡು ತಗುಲಿ ಅವರನ್ನು ಹೊತ್ತೊಯ್ದರಂತೆ. ಬದುಕಿದರೋ ಇಲ್ಲವೋ, ನಿನಗೆ ತಿಳಿಯಲೇ ಇಲ್ಲ. ಹನ್ನೆರಡು ಹದಿಮೂರು ವರ್ಷ ಅದೇ ಕೊರಗು. ನಾನು ಹೈಸ್ಕೂಲು ಮುಗಿಸಿದ್ದೇ ತಡ, ಅವರ ಪಲ್ಟನ್ನಿನ ವಿಳಾಸಕ್ಕೆ ನನ್ನ ಕೈಯಲ್ಲಿ ಇಂಗ್ಲಿಷಿನಲ್ಲಿ ನೀನು ಬರೆಸಿದ್ದು ಇಷ್ಟೇ — "ಬದುಕೀರೇನ್ರಿ ಸಾಹೇಬ್ರ, ಒಂದ್ ಸಾಲು ತಿಳಿಸ್ರಿ." ನೆನಪಿನ ಅಳತೆಯ ಮೇಲೆಯೇ ಅವರಿಗೊಂದು ಕೋಟಿನ ಬಟ್ಟೆಯನ್ನೂ ಕತ್ತರಿಸಿಟ್ಟಿದ್ದೆ ನೀನು.

ಉತ್ತರ ಬಂದದ್ದು ನನ್ನ ಮದುವೆಗೆ ಹದಿನೈದು ದಿನ ಇದ್ದಾಗ. ನೀನು ಅಂಗಡಿಯಲ್ಲಿದ್ದೆ. ಹಳೆಯ ಪಲ್ಟನ್ನಿನವರನ್ನು ನೋಡಲು ಬೆಂಗಳೂರಿಗೆ ಬರುತ್ತಾರಂತೆ, ಒಂದು ತಿಂಗಳು ಇರುತ್ತಾರಂತೆ. "ನೀನು ಬಾ. ನನ್ನ ಹೆಗಲ ಅಳತೆ ಮರೆತಿಲ್ಲ ತಾನೆ?" ನಾನು ಮೂರು ಸಲ ಓದಿದೆ. ಆಮೇಲೆ... ಸೊರಬಕ್ಕೆ, ಗಂಡನ ಮನೆಗೆ ಒಯ್ಯಲಿದ್ದ ಸೀರೆಯ ಟ್ರಂಕಿನ ತಳಕ್ಕೆ ಹಾಕಿದೆ.

ಹೆದರಿಕೆ, ಅಪ್ಪಾ. ಪಕ್ಕದ ಈಸೂರಿನ ಹುಡುಗರನ್ನು ಚಳವಳಿಗಾಗಿ ಗಲ್ಲಿಗೇರಿಸಿದ ನೋವು ಇನ್ನೂ ಹಸಿಯಾಗಿದ್ದ ಕಾಲ. ನನ್ನ ಮಾವನವರೋ ನಲವತ್ತೆರಡರ ಚಳವಳಿಯಲ್ಲಿ ಜೈಲು ಕಂಡು ಬಂದವರು. ಬೀಗ ಬಿಳಿ ಸಾಹೇಬನನ್ನು ನೋಡಲು ಓಡಿದ ಎಂದು ಗೊತ್ತಾಗಿ ಸಂಬಂಧ ಮುರಿದುಬಿದ್ದರೆ? ಹುಡುಗ ನನಗೆ ತುಂಬ ಹಿಡಿಸಿದ್ದ. ಮದುವೆಯಾಗಲಿ, ಆಮೇಲೆ ಹೇಳೋಣ ಎಂದುಕೊಂಡೆ.

ನೀನು ದಿನಾ ಅಂಚೆಯವನನ್ನು ತಡೆದು ಕೇಳುತ್ತಿದ್ದೆ. ಮದುವೆಗೆ ಎರಡು ದಿನ ಇದ್ದಾಗ, "ಸಾಹೇಬ್ರು ಹೋಗಿಬಿಟ್ಟಾರೆ ಬಿಡವ್ವ" ಎಂದು ಆ ಕೋಟಿನ ಬಟ್ಟೆಯನ್ನು ನೀನೇ ಅಳಿಯನ ಅಳತೆಗೆ ಇಳಿಸಿದೆ. ಕಣ್ಣು ಒರೆಸಿಕೊಂಡು ಒರೆಸಿಕೊಂಡು ಹೊಲಿದೆ. ನಾನು ಪಕ್ಕದಲ್ಲೇ ಗುಂಡಿಗೆ ಕಾಜಾ ಹಾಕುತ್ತ ಕೂತಿದ್ದೆ — ಎಂಥ ಕಲ್ಲು ಮನಸ್ಸಪ್ಪಾ ನನ್ನದು! ಇಂದಿಗೂ ಕಣ್ಣು ಮುಚ್ಚಿದರೆ ನಿನ್ನನ್ನೂ ಸಾಹೇಬರನ್ನೂ ಎದುರುಬದುರು ನಿಲ್ಲಿಸಿ ನೋಡುತ್ತೇನೆ. ನಿನ್ನ ಆ ನಗುವನ್ನು ಒಂದೇ ಒಂದು ಸಲ ನೋಡಬೇಕಿತ್ತು.

ಮದುವೆಯಾಗಿ ಬೀಗರೂಟಕ್ಕೆ ನೀನು ಸೊರಬಕ್ಕೆ ಬಂದೆ. ದಂಡಿನ ಮಾತು ಎತ್ತಬೇಡ ಎಂದು ನಾನು ಬೇಡಿಕೊಂಡಿದ್ದರೂ, ಮಾವನವರು ನಿನ್ನ ಅಳಿಯನ ಕೋಟು ಹೊಗಳಿದ್ದೇ ನೀನು ಎಲ್ಲ ಹೇಳಿಬಿಟ್ಟೆ. ಮಾವನವರು ನಕ್ಕುಬಿಟ್ಟರು.

"ಅಲ್ರೀ ಬೀಗರೆ, ಇಷ್ಟು ದಿನ ಯಾಕೆ ಹೇಳ್ಲಿಲ್ಲ? ಆ ಮನುಷ್ಯ ಬದುಕಿದ್ರೆ ಹೋಗಿ ನೋಡ್ಕೊಂಡು ಬನ್ನಿ. ಬೇಕಿದ್ರೆ ಜೊತೆಗೆ ನಾನೂ ಬರ್ತೀನಿ."

"ಇಲ್ರೀ, ಅವ್ರು ಹೋಗಿಬಿಟ್ಟಾರೆ. ಇದ್ದಿದ್ರೆ ಒಂದ್ ಸಾಲಾದ್ರೂ ಬರೀತಿದ್ರು" ಎಂದೆ ನೀನು.

ಸಾಹೇಬರು ಬೆಂಗಳೂರಿನಲ್ಲಿ ಇನ್ನೂ ನಾಲ್ಕು ದಿನ ಇರುವವರಿದ್ದರು. ಮದುವೆ ಮುಗಿದಿತ್ತು, ಹೆದರುವುದಕ್ಕೆ ಏನೂ ಉಳಿದಿರಲಿಲ್ಲ. ಮುಚ್ಚಿಟ್ಟವಳು ನಾನೆಂದು ನಿಮಗೆಲ್ಲ ಗೊತ್ತಾಗುತ್ತದಲ್ಲ — ಆ ಒಂದು ನಾಚಿಕೆಗೆ ನಾನು ಬಾಯಿ ಬಿಡಲಿಲ್ಲ. ನಿನ್ನ ಎಲೆಗೆ ಇನ್ನೊಂದು ಹೋಳಿಗೆ ಬಡಿಸಿದೆ, ಅಪ್ಪಾ.